ಕ್ಯಾಮ್ ಹಳೆಯದೋ ಹೊಸದೋ ಆಮೇಲೆ ನೋಡೋಣ, ಮೊದಲು ಕ್ಯಾಪ್‌ಗಳ ಜಾಗ ಹುಡುಕಿ

ನೀವು ಹೇಳಿದ್ದು ಇಷ್ಟು: ಎಂಜಿನ್‌ನಲ್ಲಿ ಟಪ ಟಪ ಸದ್ದು ಬರುತ್ತಿತ್ತು, ವಾಲ್ವ್‌ಗಳನ್ನು ತೆರೆಯುವ ಎರಡೂ ಕ್ಯಾಮ್‌ಶಾಫ್ಟ್ (ಚಿಕ್ಕದಾಗಿ ಕ್ಯಾಮ್) ಬಿಚ್ಚಿದಿರಿ, ಅವನ್ನು ಮೇಲಿನಿಂದ ಹಿಡಿದಿಡುವ ಕ್ಯಾಪ್‌ಗಳನ್ನೆಲ್ಲ ಒಂದೇ ಟ್ರೇಯಲ್ಲಿ ಹಾಕಿ ತೊಳೆದಿರಿ. ಈಗ ಹಳೇ ಕ್ಯಾಮ್‌ಶಾಫ್ಟನ್ನೇ ಹಾಕುವುದಾ, ಹೊಸದು ತರಿಸುವುದಾ ಅನ್ನುವುದು ನಿಮ್ಮ ಪ್ರಶ್ನೆ. ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: "ಕ್ಯಾಪ್‌ಗಳೆಲ್ಲ ಒಂದೇ ಥರ ಇವೆ, ಯಾವುದನ್ನು ಎಲ್ಲಿಟ್ಟರೂ ಕೂರುತ್ತೆ." ಆ ಸಾಲು ಓದಿ ಎದೆ ಧಸಕ್ ಅಂದಿತು. ಅದಕ್ಕೇ ಈ ಉತ್ತರ ಬರೆಯುತ್ತಿದ್ದೇನೆ.

ನಾನೂ ಇಂಥದೇ ಟ್ರೇ ಮುಂದೆ ಕೂತಿದ್ದವನು. ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್, ಸಿಲಿಂಡರ್‌ಗಳ ಮೇಲೆ ಕೂರುವ ಅಲ್ಯೂಮಿನಿಯಂ ಹೆಡ್, ಅದರ ಮೇಲೆ ಎರಡು ಕ್ಯಾಮ್. ಬಿಚ್ಚುವಾಗ ಬಹಳ ಜಾಗ್ರತೆ ಮಾಡಿದ್ದೆ. ಕ್ಯಾಮನ್ನು ಕ್ರ್ಯಾಂಕ್‌ಗೆ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟ್) ಹೊಂದಿಸುವ ಟೈಮಿಂಗ್ ಗುರುತುಗಳಿಗೆ ಬಿಳಿ ಪೇಂಟ್ ಹಚ್ಚಿದ್ದೆ. ಕ್ರ್ಯಾಂಕ್‌ನಿಂದ ಕ್ಯಾಮ್ ತಿರುಗಿಸುವ ಚೈನ್ ಒಳಗೆ ಬೀಳದಂತೆ ತಂತಿಯಿಂದ ಕಟ್ಟಿದ್ದೆ. ಕ್ಯಾಮ್‌ಗೂ ವಾಲ್ವ್‌ಗೂ ನಡುವೆ ಕೂರುವ ಟ್ಯಾಪೆಟ್‌ಗಳನ್ನು ಒಂದೊಂದಾಗಿ ನಂಬರ್ ಬರೆದ ಡಬ್ಬಿಗಳಲ್ಲಿ ಇಟ್ಟಿದ್ದೆ. ಕ್ಯಾಪ್‌ಗಳನ್ನು ಮಾತ್ರ ಒಟ್ಟಿಗೆ ಸುರಿದು ತೊಳೆದೆ. ನನ್ನ ಕಣ್ಣಿಗೆ ಅವು ಬರೀ ಮುಚ್ಚಳ. ಕ್ಯಾಮ್ ಮೇಲಕ್ಕೆ ಏಳದಂತೆ ಹಿಡಿದಿಡುವ ಮುಚ್ಚಳ ಅಂದುಕೊಂಡಿದ್ದೆ.

ಅದು ಬೇರಿಂಗ್‌ನ ಅರ್ಧ ಭಾಗ. ಇಂಥ ಹೆಡ್‌ಗಳಲ್ಲಿ ಕ್ಯಾಮ್‌ಗೆ ಬೇರೆ ಬೇರಿಂಗ್ ಅಂತ ಇರುವುದಿಲ್ಲ. ಹೆಡ್‌ನ ಅಲ್ಯೂಮಿನಿಯಂ ಮೇಲೆಯೇ ಕ್ಯಾಮ್‌ನ ಜರ್ನಲ್, ಅಂದರೆ ಅದರ ನುಣುಪಾದ ದುಂಡು ಭಾಗ, ತಿರುಗುತ್ತದೆ. ಕೆಳಗಿನ ಅರ್ಧ ಹೆಡ್‌ನಲ್ಲಿ, ಮೇಲಿನ ಅರ್ಧ ಕ್ಯಾಪ್‌ನಲ್ಲಿ. ನಡುವೆ ಎಣ್ಣೆಯ ತೆಳು ಪದರ. ಇನ್ನೊಂದು ವಿಷಯ ನನಗೆ ತುಂಬಾ ತಡವಾಗಿ ಹೊಳೆಯಿತು. ವಾಲ್ವ್ ಸ್ಪ್ರಿಂಗ್ ಕ್ಯಾಮನ್ನು ಮೇಲಕ್ಕೆ ತಳ್ಳುತ್ತದೆ. ಅಂದರೆ ಎಂಜಿನ್ ಓಡುವಾಗ ಭಾರ ಬೀಳುವುದು ಕೆಳಗಿನ ಅರ್ಧದ ಮೇಲಲ್ಲ, ಕ್ಯಾಪ್ ಮೇಲೆ. ನಾನು ಮುಚ್ಚಳ ಅಂದುಕೊಂಡಿದ್ದೇ ಕ್ಯಾಮನ್ನು ಹೊತ್ತಿರುವ ಭಾಗ!

ಈಗ ಈ ಎರಡು ಅರ್ಧಗಳು ಸೇರಿ ಆಗುವ ರಂಧ್ರಗಳನ್ನು ಹೇಗೆ ಕೊರೆಯುತ್ತಾರೆ ಅನ್ನುವುದು ಗೊತ್ತಿರಬೇಕು. ಫ್ಯಾಕ್ಟರಿಯಲ್ಲಿ ಮೊದಲು ಎಲ್ಲ ಕ್ಯಾಪ್‌ಗಳನ್ನೂ ಹೆಡ್ ಮೇಲೆ ಬೋಲ್ಟ್ ಹಾಕಿ ಬಿಗಿಯುತ್ತಾರೆ. ಆಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ನೇರಕ್ಕೆ ಕೊರೆಯುತ್ತಾರೆ. ಕ್ಯಾಪ್ ಅವತ್ತು ಎಲ್ಲಿ ಕೂತಿತ್ತೋ, ಕೂದಲೆಳೆಯಷ್ಟು ಆಚೆಯೋ ಈಚೆಯೋ, ಅದಕ್ಕೆ ತಕ್ಕಂತೆ ಅದರ ಅರ್ಧವೃತ್ತ ಮೂಡುತ್ತದೆ. ಒಂದು ಕಾಗದವನ್ನು ಹರಿದರೆ ಆ ಎರಡು ಚೂರು ಒಂದಕ್ಕೊಂದು ಮಾತ್ರ ಸರಿಯಾಗಿ ಕೂಡುತ್ತವಲ್ಲ, ಹಾಗೆ. ಪಕ್ಕದ ಕ್ಯಾಪನ್ನು ತಂದಿಟ್ಟರೆ ಬೋಲ್ಟ್ ಇಳಿಯುತ್ತದೆ, ಟಾರ್ಕ್ (ಬಿಗಿಯುವ ಬಲದ ಅಳತೆ) ಕೂಡ ಬರುತ್ತದೆ, ಕಣ್ಣಿಗೆ ಏನೂ ತಪ್ಪು ಕಾಣುವುದಿಲ್ಲ. ಆದರೆ ಎರಡು ಅರ್ಧಗಳು ಸೇರುವ ಕಡೆ ಒಂದು ಸಣ್ಣ ಮೆಟ್ಟಿಲು ಬಂದಿರುತ್ತದೆ. ಜರ್ನಲ್‌ಗೂ ರಂಧ್ರಕ್ಕೂ ನಡುವಿನ ಸಂದು ಎಷ್ಟೋ ಎಂಜಿನ್‌ಗಳಲ್ಲಿ 0.03ರಿಂದ 0.07 ಮಿಲಿಮೀಟರ್ ಆಸುಪಾಸು. ಕ್ಯಾಪ್ 0.03 ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಒಂದು ಕಡೆ ಎಣ್ಣೆಗೆ ಜಾಗವೇ ಉಳಿಯದೆ ಹೋಗಬಹುದು. ಅದೇ ಕ್ಯಾಪನ್ನು ಅದರದೇ ಜಾಗದಲ್ಲಿ ಹಿಂದುಮುಂದಾಗಿ ಕೂರಿಸಿದರೂ ಇದೇ ಕಥೆ.

ನಾನು ಇಂಟೇಕ್ (ಗಾಳಿ ಒಳಗೆ ಬರುವ) ಕಡೆಯ ಮಧ್ಯದ ಎರಡು ಕ್ಯಾಪ್‌ಗಳನ್ನು ಅದಲು ಬದಲು ಮಾಡಿದ್ದೆ. ಅಷ್ಟೇ. ಎಲ್ಲ ಜೋಡಿಸಿ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿದಾಗ ಸ್ವಲ್ಪ ಬಿಗಿ ಅನ್ನಿಸಿತು. ಸ್ಪ್ರಿಂಗ್‌ಗಳ ಒತ್ತಡ ಇರುತ್ತಲ್ಲ, ಹೊಸ ಆಯಿಲ್ ಸೀಲ್ ಬೇರೆ ಹಾಕಿದ್ದೇನೆ, ಅದಕ್ಕೇ ಇರಬೇಕು ಅಂತ ಸಮಾಧಾನ ಮಾಡಿಕೊಂಡೆ. ಕೈಗೆ ತಿಳಿದದ್ದನ್ನು ತಲೆ ಒಪ್ಪಲಿಲ್ಲ. ಸ್ಟಾರ್ಟ್ ಮಾಡಿದಾಗ ಎಂಜಿನ್ ಚೆನ್ನಾಗಿಯೇ ಓಡಿತು. ಟಪ ಟಪ ಕೂಡ ಇರಲಿಲ್ಲ. ಬಿಸಿಯಾದ ಮೇಲೆ ಸಣ್ಣಗೆ ಕಿರ್ ಅನ್ನುವ ಸದ್ದು ಶುರುವಾಯಿತು. ಆಫ್ ಮಾಡಲು ಕೈ ಚಾಚುವಷ್ಟರಲ್ಲಿ ಎಂಜಿನ್ ತಾನೇ ನಿಂತಿತು. ಅಲ್ಯೂಮಿನಿಯಂ ಕರಗಿದಂತಾಗಿ ಜರ್ನಲ್‌ಗೆ ಮೆತ್ತಿಕೊಂಡು ಕ್ಯಾಮ್ ಸೀಜ್ ಆಗಿತ್ತು, ಅಂದರೆ ತಿರುಗದಂತೆ ಕಚ್ಚಿಕೊಂಡಿತ್ತು. ಚೈನ್ ಹಲ್ಲು ಹಾರಿ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗಿದ್ದವು. ಹೆಡ್ ಪೂರ್ತಿ ಹೋಯಿತು. ಕ್ಯಾಮೂ ಹೋಯಿತು. ಮೊದಲು ಇದ್ದ ಸದ್ದಿಗೆ ಕಾರಣ ಒಂದೆರಡು ವಾಲ್ವ್‌ಗಳ ಟ್ಯಾಪೆಟ್ ಗ್ಯಾಪ್ ಜಾಸ್ತಿಯಾಗಿದ್ದದ್ದು, ಆ ಗ್ಯಾಪ್ ಹೊಂದಿಸುವ ಶಿಮ್ ಅನ್ನುವ ತೆಳು ಬಿಲ್ಲೆ ಬದಲಿಸಿದ್ದರೆ ಸಾಕಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಳೇ ಕ್ಯಾಮೋ ಹೊಸ ಕ್ಯಾಮೋ ಅನ್ನುವುದು ಈಗಿನ ವಿಷಯವೇ ಅಲ್ಲ. ಕಲಸಿಹೋದ ಕ್ಯಾಪ್‌ಗಳ ಕೆಳಗೆ ಹೊಸ ಕ್ಯಾಮ್ ಹಾಕಿದರೆ ಹೊಸ ಕ್ಯಾಮ್ ಹಾಳಾಗುತ್ತದೆ, ಅಷ್ಟೇ ವ್ಯತ್ಯಾಸ.

ಕ್ಯಾಪ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಬೆಳಕನ್ನು ಓರೆಯಾಗಿ ಬಿಟ್ಟು ನೋಡಿ. ಬಹಳಷ್ಟು ಎಂಜಿನ್‌ಗಳಲ್ಲಿ ಕ್ಯಾಪ್ ಮೇಲೆ ನಂಬರ್ ಇರುತ್ತದೆ, ಇಂಟೇಕ್‌ಗೆ ಐ, ಎಕ್ಸಾಸ್ಟ್‌ಗೆ (ಹೊಗೆ ಹೊರಹೋಗುವ ಕಡೆ) ಇ ಅನ್ನುವ ಇಂಗ್ಲಿಷ್ ಅಕ್ಷರ ಇರುತ್ತದೆ, ಎಂಜಿನ್‌ನ ಮುಂಭಾಗಕ್ಕೆ ಮುಖ ಮಾಡುವ ಬಾಣ ಇರುತ್ತದೆ. ಸುಟ್ಟ ಎಣ್ಣೆಯ ಕಂದು ಪದರದ ಕೆಳಗೆ ಇವು ಮುಚ್ಚಿಹೋಗಿರುತ್ತವೆ. ಹಲ್ಲುಜ್ಜುವ ಹಳೇ ಬ್ರಷ್ ಸಾಕು. ತಂತಿ ಬ್ರಷ್ ಬೇಡ, ಸ್ಯಾಂಡ್ ಪೇಪರ್ ಅಂತೂ ಹತ್ತಿರಕ್ಕೇ ತರಬೇಡಿ. ನಿಮ್ಮ ಎಂಜಿನ್‌ನ ಸರ್ವಿಸ್ ಮ್ಯಾನುವಲ್‌ನಲ್ಲಿ ಈ ಗುರುತುಗಳ ಚಿತ್ರ ಇರುತ್ತದೆ, ಅದನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಗುರುತು ಸಿಗದಿದ್ದರೆ ಸವೆತವೇ ಗುರುತು. ಕ್ಯಾಪ್ ಒಳಗಿನ ಗೀರು ಹೆಡ್‌ನ ಅರ್ಧದಲ್ಲಿ ಅದೇ ಜಾಗದಲ್ಲಿ ಮುಂದುವರಿಯುತ್ತದೆ. ಜರ್ನಲ್ ಮೇಲೂ ಅದೇ ಗೀರು ಸುತ್ತು ಹಾಕಿರುತ್ತದೆ. ಈ ಮೂರೂ ಕಡೆ ಹೊಂದಿದರೆ ಜಾಗ ಬಹುತೇಕ ಸಿಕ್ಕಂತೆ. ಕ್ಯಾಮ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಕ್ಯಾಪ್ ಒಂದಿರುತ್ತದೆ, ಅದರ ಆಕಾರವೇ ಬೇರೆ, ಅಲ್ಲಿಂದ ಶುರು ಮಾಡಿದರೆ ಸುಲಭ.

ಆಮೇಲೆ ನಾನು ಮಾಡದೇ ಬಿಟ್ಟ ಪರೀಕ್ಷೆ. ಇದನ್ನು ದಯವಿಟ್ಟು ಬಿಡಬೇಡಿ. ಟ್ಯಾಪೆಟ್‌ಗಳನ್ನೆಲ್ಲ ಹೊರಗೆ ತೆಗೆದು ಅವುಗಳ ಕ್ರಮದಲ್ಲೇ ಇಡಿ. ಈಗ ಸ್ಪ್ರಿಂಗ್ ಒತ್ತಡ ಕ್ಯಾಮ್‌ಗೆ ತಾಕುವುದಿಲ್ಲ. ಚೈನ್ ಬೇಡ, ಆಯಿಲ್ ಸೀಲ್ ಬೇಡ. ಜರ್ನಲ್‌ಗಳಿಗೆ ಎಂಜಿನ್ ಆಯಿಲ್ ಸವರಿ ಕ್ಯಾಮ್ ಮಲಗಿಸಿ. ಮಧ್ಯದಿಂದ ಒಂದೊಂದೇ ಕ್ಯಾಪ್ ಕೂರಿಸಿ ಪೂರ್ತಿ ಟಾರ್ಕ್‌ಗೆ ಬಿಗಿಯಿರಿ. ಪ್ರತಿ ಕ್ಯಾಪ್ ಆದಮೇಲೂ ಕ್ಯಾಮನ್ನು ಬೆರಳಿನಿಂದ ತಿರುಗಿಸಿ. ಸಲೀಸಾಗಿ ಪೂರ್ತಿ ಸುತ್ತು ಬರಬೇಕು. ಯಾವ ಕ್ಯಾಪ್ ಬಿಗಿದ ಮೇಲೆ ಹಿಡಿದಂತಾಗುತ್ತದೋ ಅದು ಅಲ್ಲಿಯದಲ್ಲ, ಇಲ್ಲವೇ ಅದರ ಕೆಳಗೆ ಕಸ ಇದೆ. "ಓಡಿದರೆ ತಾನೇ ಸವೆದು ಸರಿಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ.

ಇದಾದಮೇಲೆ ಪ್ಲಾಸ್ಟಿಗೇಜ್ ಹಾಕಿ ಅಳೆಯಿರಿ. ಎಣ್ಣೆ ಒರೆಸಿದ ಜರ್ನಲ್ ಮೇಲೆ ಆ ಮೇಣದ ಎಳೆ ಇಟ್ಟು, ಕ್ಯಾಪ್ ಬಿಗಿದು, ಬಿಚ್ಚಿ, ಅದು ಎಷ್ಟು ಅಗಲಕ್ಕೆ ಚಪ್ಪಟೆಯಾಯಿತು ಅಂತ ಕವರ್ ಮೇಲಿನ ಪಟ್ಟಿಗೆ ಹೋಲಿಸುವುದು. ಎಳೆ ಇದ್ದಾಗ ಕ್ಯಾಮ್ ತಿರುಗಿಸಬಾರದು. ಎಳೆ ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು ಕಂಡರೆ ಆ ಕ್ಯಾಪ್ ಓರೆಯಾಗಿ ಕೂತಿದೆ ಅಂತ ಅರ್ಥ.

ಯಾವ ರೀತಿಯಲ್ಲೂ ಹೊಂದದಿದ್ದರೆ ಹೆಡ್, ಕ್ಯಾಪ್, ಕ್ಯಾಮ್ ಮೂರನ್ನೂ ಎಂಜಿನ್ ಹೆಡ್ ಕೆಲಸ ಮಾಡುವ ಮೆಷಿನ್ ಶಾಪ್‌ಗೆ ಒಯ್ಯಿರಿ. ಕೆಲವು ಹೆಡ್‌ಗಳನ್ನು ಮತ್ತೆ ಒಂದೇ ನೇರಕ್ಕೆ ಕೊರೆದು ಸರಿ ಮಾಡಬಹುದು, ಕೆಲವಕ್ಕೆ ಅದು ಆಗುವುದಿಲ್ಲ. ಇನ್ನೊಂದು ಹೆಡ್‌ನಿಂದ ಬಿಡಿ ಕ್ಯಾಪ್ ತಂದು ಹಾಕುವ ಯೋಚನೆ ಬೇಡವೇ ಬೇಡ. ಇಡೀ ಹೆಡ್ ತಂದರೆ ಅದರದೇ ಕ್ಯಾಪ್‌ಗಳ ಜೊತೆಗೆ ತನ್ನಿ.

ಈಗ ನಿಮ್ಮ ಕ್ಯಾಮ್ ವಿಷಯ. ಲೋಬ್‌ನ, ಅಂದರೆ ವಾಲ್ವ್ ಒತ್ತುವ ಉಬ್ಬಿನ, ತುದಿಯ ಮೇಲೆ ಉಗುರು ಆಡಿಸಿ. ಗುಳಿ ಬಿದ್ದಿದ್ದರೆ, ಪೊರೆ ಎದ್ದಿದ್ದರೆ, ತುದಿ ಚಪ್ಪಟೆ ಆಗಿದ್ದರೆ ಬದಲಿಸಿ. ಆಗ ಆ ಲೋಬ್ ಕೆಳಗಿನ ಟ್ಯಾಪೆಟನ್ನೂ ಬದಲಿಸಿ, ಸವೆದ ಟ್ಯಾಪೆಟ್ ಮೇಲೆ ಹೊಸ ಲೋಬ್ ಉಳಿಯುವುದಿಲ್ಲ. ಬರೀ ಹೊಳಪಿನ ಗೆರೆ ಇದ್ದರೆ ಅದು ಸಹಜ. ಮೈಕ್ರೋಮೀಟರ್‌ನಲ್ಲಿ ಲೋಬ್‌ನ ಎತ್ತರ ಮತ್ತು ಜರ್ನಲ್‌ನ ದಪ್ಪ ಅಳೆದು ಮ್ಯಾನುವಲ್‌ನ ಮಿತಿಗೆ ಹೋಲಿಸಿ. ಎರಡು ವೀ ಬ್ಲಾಕ್ ಮೇಲೆ ಕ್ಯಾಮ್ ಇಟ್ಟು ಮಧ್ಯದ ಜರ್ನಲ್‌ಗೆ ಡಯಲ್ ಗೇಜ್ ಹಚ್ಚಿ ತಿರುಗಿಸಿದರೆ ಬಾಗಿದೆಯಾ ಅನ್ನುವುದೂ ಗೊತ್ತಾಗುತ್ತದೆ. ಒಂದು ಲೋಬ್ ಮಾತ್ರ ಸವೆದಿದ್ದರೆ ಅಲ್ಲಿಗೆ ಎಣ್ಣೆ ಯಾಕೆ ಹೋಗಲಿಲ್ಲ ಅಂತ ಹುಡುಕಿ. ಹೆಡ್‌ನ ಎಣ್ಣೆ ದಾರಿಯಲ್ಲಿ ಸಿಲಿಕಾನ್ ಗ್ಯಾಸ್ಕೆಟ್‌ನ ಚೂರು ಸಿಕ್ಕಿಕೊಂಡಿದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ಎಂಜಿನ್‌ನ ಮುಂಭಾಗದ ಕ್ಯಾಪ್‌ಗೆ ಸೀಲಂಟ್ ಹಚ್ಚಬೇಕಿದ್ದರೆ ತೆಳುವಾಗಿ, ಮ್ಯಾನುವಲ್ ತೋರಿಸಿದ ಜಾಗಕ್ಕಷ್ಟೇ ಹಚ್ಚಬೇಕು.

ಮತ್ತೆ ಜೋಡಿಸುವಾಗ ಮೊದಲ ಕೆಲಸ ಪಿಸ್ಟನ್‌ಗಳದ್ದು. ಕ್ಯಾಮ್ ಬಿಗಿಯುವಾಗ ಕೆಲವು ವಾಲ್ವ್ ತೆರೆದುಕೊಳ್ಳುತ್ತವೆ. ಆಗ ಪಿಸ್ಟನ್ ಮೇಲಿದ್ದರೆ ತಾಗುತ್ತದೆ. ಕ್ರ್ಯಾಂಕ್ ಯಾವ ಕೋನದಲ್ಲಿರಬೇಕು ಅನ್ನುವುದು ಒಂದೊಂದು ಎಂಜಿನ್‌ಗೂ ಬೇರೆ. ನಾಲ್ಕು ಸಿಲಿಂಡರ್‌ನ ಕೆಲವು ಎಂಜಿನ್‌ಗಳಲ್ಲಿ ಎಲ್ಲ ಪಿಸ್ಟನ್‌ಗಳೂ ಮಧ್ಯಕ್ಕೆ ಬರುವ ಹಾಗೆ ತಿರುಗಿಸಿಟ್ಟುಕೊಳ್ಳಲು ಹೇಳಿರುತ್ತಾರೆ. ಇದನ್ನು ಊಹೆ ಮಾಡಬೇಡಿ, ಮ್ಯಾನುವಲ್ ನೋಡಿ.

ಬೋಲ್ಟ್‌ಗಳನ್ನು ಮಧ್ಯದಿಂದ ಹೊರಕ್ಕೆ, ಮ್ಯಾನುವಲ್‌ನ ಕ್ರಮದಲ್ಲಿ, ಒಂದೊಂದಕ್ಕೆ ಅರ್ಧ ಸುತ್ತಿಗಿಂತ ಜಾಸ್ತಿ ಕೊಡದೆ ಇಳಿಸಿ. ಕ್ಯಾಮ್ ಮಟ್ಟವಾಗಿ ಇಳಿಯಬೇಕು. ಒಂದೇ ಕಡೆ ಎಳೆದರೆ ಸ್ಪ್ರಿಂಗ್ ಇನ್ನೊಂದು ಕಡೆಯಿಂದ ತಳ್ಳುತ್ತದೆ, ಎರಕದ ಕ್ಯಾಮ್ ಮುರಿಯಲೂಬಹುದು. ಈ ಉತ್ತರ ಓದುವ ಬೇರೆಯವರು ಇನ್ನೂ ಬಿಚ್ಚಿಲ್ಲದಿದ್ದರೆ, ಬಿಚ್ಚುವಾಗ ಇದರ ಉಲ್ಟಾ ಕ್ರಮ: ಹೊರಗಿನಿಂದ ಮಧ್ಯಕ್ಕೆ, ಸ್ವಲ್ಪ ಸ್ವಲ್ಪವಾಗಿ. ಕ್ಯಾಪ್‌ಗಳನ್ನು ರಟ್ಟಿನ ಮೇಲೆ ಹೆಡ್‌ನ ಚಿತ್ರ ಬರೆದು ಅಲ್ಲಲ್ಲೇ ಇಡಿ, ತೊಳೆಯುವಾಗಲೂ ಒಂದೊಂದೇ ತೊಳೆಯಿರಿ.

ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಈ ಸಣ್ಣ 6 ಮಿಲಿಮೀಟರ್ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್ ಇರುತ್ತದೆ. ಚಕ್ರದ ನಟ್‌ಗೆ ಬಳಸುವ ದೊಡ್ಡ ರೆಂಚ್ ಅಷ್ಟು ಕಡಿಮೆಯಲ್ಲಿ ಸರಿಯಾಗಿ ತೋರಿಸುವುದಿಲ್ಲ, ಅಲ್ಯೂಮಿನಿಯಂ ಥ್ರೆಡ್ ಎದ್ದು ಬರುತ್ತದೆ. ಬೋಲ್ಟ್ ರಂಧ್ರದಲ್ಲಿ ಎಣ್ಣೆ ನಿಂತಿದ್ದರೆ ಮೊದಲು ತೆಗೆಯಿರಿ. ಹೋಗಲು ದಾರಿಯಿಲ್ಲದ ಎಣ್ಣೆಯ ಮೇಲೆ ಬೋಲ್ಟ್ ಒತ್ತಿದರೆ ಹೆಡ್ ಸೀಳಬಹುದು. ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಬೋಲ್ಟ್ ಬಿಗಿಯುವಾಗ ಕ್ಯಾಮ್ ಮೇಲಿನ ಆರು ಮೂಲೆಯ ಭಾಗಕ್ಕೆ ಸ್ಪ್ಯಾನರ್ ಹಾಕಿ ಹಿಡಿಯಿರಿ. ಆ ಬಲವನ್ನು ಚೈನ್ ತಡೆದುಕೊಳ್ಳಲಿ ಅಂತ ಬಿಡಬೇಡಿ. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರನ್ನು ಒಳಕ್ಕೆ ಒತ್ತಿ ಪಿನ್ ಹಾಕಿ ಕೂರಿಸಿ, ಎಲ್ಲ ಸರಿಯಾದ ಮೇಲೆ ಪಿನ್ ತೆಗೆಯಿರಿ.

ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ) ಟ್ಯಾಪೆಟ್ ಆದರೆ ಕ್ಯಾಮ್ ಬಿಗಿದ ಮೇಲೆ ಕನಿಷ್ಠ ಅರ್ಧ ಗಂಟೆ ಬಿಡಿ, ಒಳಗಿನ ಎಣ್ಣೆ ಇಳಿದು ವಾಲ್ವ್ ಮುಚ್ಚಿಕೊಳ್ಳಲಿ. ಶಿಮ್ ಇರುವ ಎಂಜಿನ್ ಆದರೆ ತಣ್ಣಗಿರುವಾಗ ಫೀಲರ್ ಗೇಜ್‌ನಲ್ಲಿ ಪ್ರತಿ ವಾಲ್ವ್‌ನ ಗ್ಯಾಪ್ ನೋಡಿ. ನಿಮ್ಮ ಟಪ ಟಪ ಸದ್ದಿನ ಮೂಲ ಅಲ್ಲೇ ಸಿಗಬಹುದು ಅಂತ ನನ್ನ ಅನುಮಾನ.

ಕೊನೆಗೆ ಸ್ಪಾರ್ಕ್ ಪ್ಲಗ್ ತೆಗೆದು ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಕ್ರ್ಯಾಂಕ್ ಎರಡು ಸುತ್ತಿಗೆ ಕ್ಯಾಮ್ ಒಂದು ಸುತ್ತು, ಟೈಮಿಂಗ್ ಗುರುತುಗಳು ಮತ್ತೆ ಹೊಂದಬೇಕು. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲಿಗೇ ನಿಲ್ಲಿಸಿ, ಬಲ ಹಾಕಬೇಡಿ. ಸ್ಟಾರ್ಟ್ ಮಾಡುವ ಮುಂಚೆ ಪೆಟ್ರೋಲ್ ಪಂಪ್‌ನ ಫ್ಯೂಸ್ ತೆಗೆದು ಸ್ವಲ್ಪ ಹೊತ್ತು ಸೆಲ್ಫ್ ಹೊಡೆದರೆ ಎಣ್ಣೆ ಮೇಲಕ್ಕೆ ಏರುತ್ತದೆ.

ಬೇಕಿದ್ದರೆ ಕ್ಯಾಪ್‌ಗಳ ಒಳಭಾಗದ್ದು ಮತ್ತು ಹೆಡ್‌ನ ಅರ್ಧಗಳದ್ದು ಫೋಟೋ ಹಾಕಿ. ಫ್ಲ್ಯಾಶ್ ಬೇಡ, ಪಕ್ಕದಿಂದ ಬೀಳುವ ಬೆಳಕಿನಲ್ಲಿ ತೆಗೆಯಿರಿ, ಗೀರುಗಳು ಆಗಲೇ ಕಾಣುವುದು. ಹೊಂದಿಸಲು ಆಗುತ್ತಾ ಅಂತ ನಾನೂ ನೋಡುತ್ತೇನೆ. ಅಲ್ಲಿಯವರೆಗೆ ಹೊಸ ಕ್ಯಾಮ್‌ಗೆ ಆರ್ಡರ್ ಕೊಡಬೇಡಿ.