ಕಪ್ಪು ಮಣ್ಣಿನ ಊರಿಗೆ ಹೊರಟ ತಂಗಿಗೆ

ತಂಗಿ,

ನಿನ್ನ ಪತ್ರ ಬಂದು ಹದಿನೈದು ದಿನವಾಯಿತು. ಇದು ಟೊಮೇಟೊ ಕಾಲ. ಜುಲೈಯಿಂದ ಅಕ್ಟೋಬರ್‌ವರೆಗೆ ಇಲ್ಲಿನ ಕಾರ್ಖಾನೆಗಳು ಹಗಲಿರುಳು ನಡೆಯುತ್ತವೆ, ಪ್ರಯೋಗಾಲಯದವರಿಗೂ ಪಾಳಿಯ ಮೇಲೆ ಪಾಳಿ. ಇಂದು ರಜೆ ಸಿಕ್ಕಿತು, ಕಾಫಿ ಮಾಡಿಕೊಂಡು ಬರೆಯಲು ಕುಳಿತಿದ್ದೇನೆ.

ನೀನು ಕೇಳಿದ್ದು ಮೂರು ಪ್ರಶ್ನೆ. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಎಂದು ಹುಡುಕಿದರೆ ದಿವಾಳಿ, ಕಳ್ಳತನ, ಗುಂಡೇಟು ಇವೇ ಕಾಣುತ್ತವೆ, ಇಂಥ ಊರಿಗೆ ಬರಬಹುದೇ? ಹಣ್ಣು, ತರಕಾರಿ ಡಬ್ಬಿಗೆ ತುಂಬುವ ಕಾರ್ಖಾನೆಯ ಕೆಲಸ ಎಂ.ಎಸ್ಸಿ. ಓದಿದವಳಿಗೆ ತಕ್ಕುದೇ? ಅಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ?

ಮೊದಲನೆಯದಕ್ಕೆ ಬೇಗ ಉತ್ತರ ಹೇಳುತ್ತೇನೆ. ನಗರಸಭೆ 2012ರಲ್ಲಿ ದಿವಾಳಿ ಅರ್ಜಿ ಹಾಕಿದ್ದು ನಿಜ, 2015ರಲ್ಲಿ ಅದರಿಂದ ಹೊರಬಂದದ್ದೂ ನಿಜ. ಆ ವರ್ಷಗಳಲ್ಲಿ ನಮ್ಮ ಬೀದಿಯಲ್ಲೇ ಬೀಗ ಬಿದ್ದ ಮನೆಗಳಿದ್ದವು, ಈಗ ಎಲ್ಲದರಲ್ಲೂ ದೀಪ ಉರಿಯುತ್ತದೆ. ಜೋಪಾನವಾಗಿರಬೇಕಾದ ಬೀದಿಗಳು ಇವೆ. ಎಲ್ಲಿ ಮನೆ ಹಿಡಿಯಬೇಕೆಂದು ನಾನೇ ಜೊತೆಗೆ ಬಂದು ತೋರಿಸುತ್ತೇನೆ. ಬೇಸಿಗೆಯಲ್ಲಿ ಬಿಸಿಲು ಕೆಲವು ದಿನ 40 ಡಿಗ್ರಿ ಮುಟ್ಟುತ್ತದೆ, ಆದರೆ ಸಂಜೆಗೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತದೆ. ಚಳಿಗಾಲದಲ್ಲಿ ನೆಲದಿಂದಲೇ ಎದ್ದಂತೆ ಮಂಜು ಕವಿಯುತ್ತದೆ. ಸಕಲೇಶಪುರದ ಘಾಟಿಯ ಮಂಜು ನೋಡಿದವಳಿಗೆ ಅದು ಹೊಸದಲ್ಲ, ಆದರೂ ಮೊದಲ ವರ್ಷ ಮಂಜಿನಲ್ಲಿ ಕಾರು ಓಡಿಸಬೇಡ.

ಇನ್ನೆರಡು ಪ್ರಶ್ನೆಗಳಿಗೆ ಉತ್ತರ ಸಿಗುವುದು ಈ ಊರಿನ ಹಳೆಯ ಕಾಲದಲ್ಲಿ, ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷಗಳಲ್ಲಿ. ಅದನ್ನು ನನಗೆ ತಿಳಿಸಿದವರು ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಫಿಲಿಪಿನೋ ಹಿರಿಯರು. ನಾನು ಸೇರಿದ ಮೊದಲ ವರ್ಷ ಅವರು ನಿವೃತ್ತಿಯ ಹೊಸ್ತಿಲಲ್ಲಿದ್ದರು. ಒಂದು ದಿನ ಊಟದ ಹೊತ್ತಿನಲ್ಲಿ, "ನಿಮ್ಮವರು ಈ ಊರಿಗೆ ಬರತೊಡಗಿದ್ದು ಯಾವಾಗ?" ಎಂದು ಕೇಳಿದರು. "ಈಗೀಗ, ನಾಲ್ಕೈದು ವರ್ಷದಿಂದ" ಎಂದೆ. ಅವರು ತಲೆ ಅಲ್ಲಾಡಿಸಿದರು. "ಅಲ್ಲ. ನನ್ನ ತಂದೆ ಹಡಗಿಳಿದು ಈ ಊರಿಗೆ ಬಂದಾಗಲೇ ನಿಮ್ಮವರ ಗುಡಿಯಲ್ಲಿ ಊಟ ಹಾಕುತ್ತಿದ್ದರಂತೆ. ಭಾನುವಾರ ಬಾ, ತೋರಿಸುತ್ತೇನೆ."

ಅವರು ಕರೆದೊಯ್ದದ್ದು ಊರಿನ ದಕ್ಷಿಣಕ್ಕೆ, ಗ್ರಾಂಟ್ ಬೀದಿಯ ಗುರುದ್ವಾರಕ್ಕೆ. 1912ರಲ್ಲಿ ಜ್ವಾಲಾ ಸಿಂಗ್, ವಸಾಖಾ ಸಿಂಗ್ ಮೊದಲಾದ ಪಂಜಾಬಿ ರೈತರು ಕಟ್ಟಿಕೊಂಡದ್ದು. ಅಮೆರಿಕದ ಮೊದಲ ಗುರುದ್ವಾರ ಅದೇ, ಮತ್ತೆ ಮೂರು ದಶಕಕ್ಕೂ ಮೇಲೆ ಈ ದೇಶಕ್ಕೆಲ್ಲ ಅದೊಂದೇ. ಇಟ್ಟಿಗೆಯ ಕಟ್ಟಡ 1929ರ ಹೊತ್ತಿನದು. ಹೊಲದಲ್ಲಿ ಕೂಲಿ ಮಾಡುತ್ತಿದ್ದವರು ಸೇರಿಸಿ ಕೊಟ್ಟ ದುಡ್ಡು. ಹಿಂದೂ, ಮುಸ್ಲಿಂ, ಸಿಖ್ ಎನ್ನದೆ ಭಾರತದಿಂದ ಯಾರು ಬಂದರೂ ಅಲ್ಲಿ ಊಟವಿತ್ತು, ಮಲಗಲು ಜಾಗವಿತ್ತು, ಯಾವ ಹೊಲದಲ್ಲಿ ಕೆಲಸವಿದೆ ಎಂಬ ಸುದ್ದಿ ಸಿಗುತ್ತಿತ್ತು. ಬ್ರಿಟಿಷರ ಆಳ್ವಿಕೆಯ ವಿರುದ್ಧ ಎದ್ದ ಗದರ್ ಚಳವಳಿಯವರಿಗೂ ಅದೇ ಆಸರೆ. ಜ್ವಾಲಾ ಸಿಂಗರು 1914ರಲ್ಲಿ ಹೋರಾಟಕ್ಕೆಂದು ಭಾರತಕ್ಕೆ ಮರಳಿ ಸೆರೆಮನೆ ಕಂಡರು.

ಆ ಜ್ವಾಲಾ ಸಿಂಗ್ ಇಲ್ಲಿ ಬೆಳೆಯುತ್ತಿದ್ದದ್ದು ಏನೆಂದುಕೊಂಡೆ? ಆಲೂಗಡ್ಡೆ. ಹಾಸನದ ಹುಡುಗಿಗೆ ಇದು ಗೊತ್ತಿರಲೇಬೇಕು. ನಮ್ಮ ಅಪ್ಪ ಪ್ರತಿ ಮುಂಗಾರಿಗೆ ಹಾಸನದ ಎಪಿಎಂಸಿಯಲ್ಲಿ ಸಾಲು ನಿಂತು ತರುತ್ತಿದ್ದ ಬಿತ್ತನೆ ಗಡ್ಡೆ ಜಲಂಧರದಿಂದ ಬಂದದ್ದು. ಈ ಊರಿನ ಹಳೆಯ ಸಿಖ್ ಮನೆತನಗಳಲ್ಲಿ ಎಷ್ಟೋ ಮಂದಿಯದೂ ಅದೇ ಜಲಂಧರ, ಹೋಶಿಯಾರ್‌ಪುರದ ಸೀಮೆ. ಅಂದು ಪಂಕ್ತಿಯಲ್ಲಿ ಕುಳಿತು ಒಬ್ಬ ಅಜ್ಜಿಗೆ ಈ ಮಾತು ಹೇಳಿದೆ. ಅವರು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ನಮ್ಮವರು ಇದ್ದಾರೆಯೇ ಎಂಬ ನಿನ್ನ ಪ್ರಶ್ನೆಗೆ ನನ್ನ ಉತ್ತರ ಆ ಪಂಕ್ತಿಯಿಂದ ಶುರುವಾಗುತ್ತದೆ.

ಈ ಊರನ್ನು ತಿಳಿಯಬೇಕಾದರೆ ಮೊದಲು ಮಣ್ಣನ್ನು ಕೈಯಲ್ಲಿ ಹಿಡಿಯಬೇಕು. ಸ್ಟಾಕ್‌ಟನ್‌ನ ಪಶ್ಚಿಮಕ್ಕೆ ಎರಡು ನದಿಗಳು ಸೇರುವ ಮುಖಜ ಭೂಮಿ, ಹೊಳೆಗಳ ನಡುವೆ ನಡುಗಡ್ಡೆಗಳು. ಸಾವಿರಾರು ವರ್ಷ ಜೊಂಡು ಬೆಳೆದು, ಕೊಳೆತು, ಮತ್ತೆ ಬೆಳೆದು ಆದ ಮಣ್ಣು. ನಮ್ಮ ಎರೆಮಣ್ಣಿನಷ್ಟೇ ಕಪ್ಪು, ಆದರೆ ಒಂದು ಹಿಡಿ ಎತ್ತಿಕೊಂಡರೆ ತೂಕವೇ ಇಲ್ಲ, ಬೂದಿ ಹಿಡಿದಂತೆ. ನಾರು ನಾರು. ಒಣಗಿದರೆ ಗಾಳಿಗೆ ಹಾರುತ್ತದೆ, ಬೆಂಕಿ ತಗುಲಿದರೆ ಮಣ್ಣೇ ಉರಿಯುತ್ತದೆ. ಚೀನೀ ಕೂಲಿಗಳು ಸುತ್ತ ಒಡ್ಡು ಹಾಕಿದರು, ಆಮೇಲೆ ಹೂಳೆತ್ತುವ ಯಂತ್ರಗಳು ಅದನ್ನು ಎತ್ತರಿಸಿದವು. ನೀರು ಬಸಿದ ಮೇಲೆ ನೆಲ ಕುಸಿಯುತ್ತಲೇ ಹೋಯಿತು. ಇಂದು ಎಷ್ಟೋ ನಡುಗಡ್ಡೆಗಳ ಹೊಲ ಸಮುದ್ರಮಟ್ಟಕ್ಕಿಂತ ಹದಿನೈದು ಅಡಿಗೂ ಕೆಳಗಿದೆ. ಒಡ್ಡಿನ ಮೇಲೆ ನಿಂತರೆ ಒಂದು ಬದಿ ಹೊಳೆ ಮೇಲೆ, ಇನ್ನೊಂದು ಬದಿ ಹೊಲ ಕೆಳಗೆ.

ಇಂಥ ಮಣ್ಣಿನಲ್ಲಿ ಕುದುರೆ ಹೂತುಕೊಳ್ಳುತ್ತಿತ್ತು, ಉಗಿ ಟ್ರಾಕ್ಟರಿನ ಚಕ್ರವೂ ಹೂತುಕೊಳ್ಳುತ್ತಿತ್ತು. ಬೆಂಜಮಿನ್ ಹೋಲ್ಟ್ ಎಂಬ ಇಲ್ಲಿನ ಕಾರ್ಖಾನೆದಾರ ಚಕ್ರದ ಬದಲು ಮರದ ಪಟ್ಟಿಗಳ ಸರಪಳಿ ಸುತ್ತಿ 1904ರ ನವೆಂಬರಿನಲ್ಲಿ ಹತ್ತಿರದ ರಾಬರ್ಟ್ಸ್ ನಡುಗಡ್ಡೆಯಲ್ಲಿ ಓಡಿಸಿ ನೋಡಿದ. ಕಂಬಳಿಹುಳುವಿನಂತೆ ತೆವಳುತ್ತದೆ ಎಂದು ನೋಡಿದವರು ಹೇಳಿದ್ದೇ ಹೆಸರಾಯಿತು, ಕ್ಯಾಟರ್‌ಪಿಲ್ಲರ್. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಫಿರಂಗಿಗಳನ್ನು ಕೆಸರಿನಲ್ಲಿ ಎಳೆದದ್ದು ಇದೇ ಯಂತ್ರ. ಯುದ್ಧ ಮುಗಿಯಿತು, 1920ರಲ್ಲಿ ಹೋಲ್ಟ್ ತೀರಿಕೊಂಡ. 1925ರಲ್ಲಿ ಅವನ ಕಂಪನಿಯೂ ಎದುರಾಳಿ ಬೆಸ್ಟ್ ಕಂಪನಿಯೂ ಸೇರಿ ಕ್ಯಾಟರ್‌ಪಿಲ್ಲರ್ ಟ್ರಾಕ್ಟರ್ ಕಂಪನಿ ಆಯಿತು. ಕ್ರಮೇಣ ಮುಖ್ಯ ವ್ಯವಹಾರ ಇಲಿನಾಯ್‌ನ ಪಿಯೋರಿಯಾಕ್ಕೆ ಹೋಯಿತು. ಮಣ್ಣೆತ್ತುವ ಯಂತ್ರಗಳನ್ನು ಇಲ್ಲಿ ರೂಪಿಸಿದ ಆರ್.ಜಿ. ಲೆಟೂರ್ನೊ ಕೂಡ 1935ರಲ್ಲಿ ಅಲ್ಲಿಗೇ ಹೋದರು. ಈ ಊರಿಗೆ ಅದು ದೊಡ್ಡ ಪೆಟ್ಟು. ನಮ್ಮ ಕಡೆ ಕೆರೆ ಹೂಳೆತ್ತುವಾಗ ಪಟ್ಟಿಯ ಮೇಲೆ ತೆವಳುವ ಯಂತ್ರ ನೋಡಿದ್ದೀಯಲ್ಲ, ಅದರ ಅಜ್ಜನ ಮನೆ ಇದು. ಹ್ಯಾಗಿನ್ ವಸ್ತುಸಂಗ್ರಹಾಲಯದಲ್ಲಿ ಹೋಲ್ಟ್ ಯಂತ್ರಗಳನ್ನು ಇಟ್ಟಿದ್ದಾರೆ, ತಪ್ಪದೆ ನೋಡು. ಆ ಸಂಗ್ರಹಾಲಯ ತೆರೆದದ್ದೂ ಆ ಕಾಲದಲ್ಲೇ, 1931ರಲ್ಲಿ.

ನದಿಯ ದಂಡೆಯಲ್ಲಿ ಹಡಗಿನ ಕೆಲಸವೂ ಇತ್ತು. ಡೆಲ್ಟಾ ಕಿಂಗ್, ಡೆಲ್ಟಾ ಕ್ವೀನ್ ಎಂಬ ಎರಡು ದೊಡ್ಡ ನದಿ ಹಡಗುಗಳ ಉಕ್ಕನ್ನು ಸ್ಕಾಟ್‌ಲೆಂಡಿನಿಂದ ತರಿಸಿ ಜೋಡಿಸಿದ್ದು ಇಲ್ಲಿನ ಬಡಗಿ, ಕಮ್ಮಾರರು. 1927ರಿಂದ ಅವು ಸ್ಯಾಕ್ರಮೆಂಟೊ, ಸ್ಯಾನ್ ಫ್ರಾನ್ಸಿಸ್ಕೊ ನಡುವೆ ಓಡಿದವು. 1933ರಲ್ಲಿ ಕಾಲುವೆ ಆಳವಾಗಿ, ಸಮುದ್ರದಿಂದ ಸುಮಾರು 75 ಮೈಲಿ ಒಳಗಿರುವ ಈ ಊರಿಗೆ ಸಾಗರದ ಹಡಗೇ ಬಂತು. ಬಯಲಿನ ಹೊಲಗಳ ನಡುವೆ ಹಡಗು ನಿಧಾನವಾಗಿ ಸಾಗುವುದನ್ನು ಇಂದೂ ನೋಡಬಹುದು. ನೀರು ಕಾಣುವುದಿಲ್ಲ, ಹಡಗು ಮಾತ್ರ ಕಾಣುತ್ತದೆ.

ಆದರೆ ಯಂತ್ರ, ಹಡಗುಗಳ ಕಥೆ ಯಾರು ಬೇಕಾದರೂ ಹೇಳುತ್ತಾರೆ. ನನ್ನ ಮನಸ್ಸಿರುವುದು ಬಗ್ಗಿ ದುಡಿದವರ ಮೇಲೆ. ಇಲ್ಲಿ ಆಲೂಗಡ್ಡೆಯ ರಾಜ ಎನಿಸಿಕೊಂಡವರು ಜಾರ್ಜ್ ಶಿಮಾ ಎಂಬ ಜಪಾನೀಯರು, ಕೂಲಿಯಾಗಿ ಶುರುಮಾಡಿ ಸಾವಿರಾರು ಎಕರೆ ಬೆಳೆದವರು. ಅವರು ತೀರಿಕೊಂಡ 1926ರ ಹೊತ್ತಿಗೆ ಕ್ಯಾಲಿಫೋರ್ನಿಯಾದಲ್ಲಿ ಏಷ್ಯಾದವರು ಜಮೀನು ಕೊಳ್ಳದಂತೆ, ಗುತ್ತಿಗೆ ಹಿಡಿಯದಂತೆ ಕಾನೂನು ಬಿಗಿಯಾಗಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಮೊಕದ್ದಮೆಯಲ್ಲಿ, ಭಾರತೀಯರು ಅಮೆರಿಕದ ಪೌರರಾಗಲು ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿಬಿಟ್ಟಿತು. ಉಳುವವನು ಒಬ್ಬ, ಪತ್ರದಲ್ಲಿ ಹೆಸರು ಇನ್ನೊಬ್ಬನದು. ಬಿಳಿಯ ವಕೀಲನ ಹೆಸರು, ನೆರೆಯವನ ಹೆಸರು, ಇಲ್ಲಿ ಹುಟ್ಟಿದ ಮಕ್ಕಳ ಹೆಸರು. ಇದು 1946ರವರೆಗೆ ನಡೆಯಿತು. ನಮ್ಮಲ್ಲಿ ಪಹಣಿಯಲ್ಲಿ ಒಂದು ಅಕ್ಷರ ತಪ್ಪಿದರೆ ಎಷ್ಟು ಅಲೆಯಬೇಕು ನೀನೇ ಬಲ್ಲೆ. ಹೆಸರೇ ಇಲ್ಲದೆ ಹೊಲ ಉತ್ತವರ ರಾತ್ರಿಗಳು ಹೇಗಿದ್ದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ಆಸ್ಪರಾಗಸ್. ನಮ್ಮ ಹಲವು ಮಕ್ಕಳ ತಾಯಿ ಬೇರಿನ ಸಂಬಂಧಿ ಅದು, ಆದರೆ ಇಲ್ಲಿ ತಿನ್ನುವುದು ಎಳೆಯ ಮೊಳಕೆಯನ್ನು. ವಸಂತದಲ್ಲಿ ದಿನವೂ ಕೊಯ್ಯಬೇಕು, ಒಂದು ದಿನ ಬಿಟ್ಟರೆ ಬಲಿತುಬಿಡುತ್ತದೆ. ಆ ಹಿರಿಯರು ತಮ್ಮ ತಂದೆಯ ಕತ್ತಿಯನ್ನು ತೋರಿಸಿದರು. ಉದ್ದನೆಯ ಕಬ್ಬಿಣದ ಕಡ್ಡಿ, ತುದಿಯಲ್ಲಿ ಮೀನಿನ ಬಾಲದಂತೆ ಅಗಲಿಸಿದ ಅಲಗು, ಹಿಡಿಯ ಮರ ಬೆರಳುಗಳ ಅಚ್ಚಿನಲ್ಲೇ ಸವೆದಿತ್ತು. ಎಡಗೈಯಲ್ಲಿ ಮೊಳಕೆ ಹಿಡಿದು, ಬಲಗೈಯಿಂದ ಅಲಗನ್ನು ಮಣ್ಣಿನೊಳಗೆ ತೂರಿ ಕತ್ತರಿಸಬೇಕು, ಮುಂದಕ್ಕೆ ಹೆಜ್ಜೆ ಇಡಬೇಕು, ಮತ್ತೆ ಬಗ್ಗಬೇಕು. ಬೆಳಕು ಹರಿಯುವ ಮುಂಚೆಯೇ ಶುರು. ಆ ಕಪ್ಪು ಧೂಳು ಮೈಗೆ ತಾಗಿದರೆ ತುರಿಕೆ ತಡೆಯಲಾಗುವುದಿಲ್ಲ, ಅದಕ್ಕೇ ಸೆಕೆಯಲ್ಲೂ ಕೈಕಾಲು, ಕತ್ತು, ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಳ್ಳುತ್ತಿದ್ದರಂತೆ. ಎಲ್ ಡೊರಾಡೊ ಮತ್ತು ಲಾಫಯೆಟ್ ಬೀದಿಗಳು ಕೂಡುವಲ್ಲಿ ಈ ಫಿಲಿಪಿನೋ ಕೂಲಿಗಾರರ ಕೇರಿ, ಲಿಟಲ್ ಮನಿಲಾ. ಹೆಚ್ಚಿನವರು ಒಂಟಿ ಗಂಡಸರು. ಬಿಳಿಯ ಹೆಣ್ಣನ್ನು ಮದುವೆಯಾಗಲು ಕಾನೂನು ಅಡ್ಡ. ಒಂದು ಹೋಟೆಲಿನ ಬಾಗಿಲ ಮೇಲೆ ಫಿಲಿಪಿನೋಗಳಿಗೆ ಖಂಡಿತ ಪ್ರವೇಶವಿಲ್ಲ ಎಂದು ಬರೆದಿದ್ದ ಚಿತ್ರ ಉಳಿದಿದೆ. 1930ರ ಜನವರಿಯಲ್ಲಿ ಅವರ ಸಂಘದ ಕಟ್ಟಡಕ್ಕೆ ಬಾಂಬ್ ಹಾಕಿದರು.

ಆದರೂ ಭಾನುವಾರ ಅವರು ಇಸ್ತ್ರಿ ಮಾಡಿದ ಸೂಟು ತೊಟ್ಟು, ತಲೆಗೂದಲಿಗೆ ಎಣ್ಣೆ ಹಾಕಿ ಬಾಚಿ, ಫೋಟೊ ತೆಗೆಸಿ ಊರಿಗೆ ಕಳಿಸುತ್ತಿದ್ದರಂತೆ. 1939ರ ವಸಂತದಲ್ಲಿ ಕೂಲಿ ಕಡಿತ ಮಾಡಿದಾಗ ಸಾವಿರಾರು ಜನ ಕತ್ತಿ ಕೆಳಗಿಟ್ಟರು. ಬೆಳೆ ಬಲಿಯುತ್ತಿತ್ತು, ಮಾಲೀಕರು ಮಣಿದರು. ಇದನ್ನು ಹೇಳುವಾಗ ಆ ಹಿರಿಯರ ಧ್ವನಿ ನಡುಗುತ್ತಿತ್ತು. ಆ ಕೇರಿಯ ಬಹುಪಾಲನ್ನು ಮುಂದೆ ಹೆದ್ದಾರಿಗೆಂದು ಕೆಡವಿದರು. ಅವರ ತಂದೆ ಇದ್ದ ವಸತಿಗೃಹದ ಜಾಗದಲ್ಲಿ ಈಗ ಸೇತುವೆಯ ಕಂಬ.

ನಿನ್ನ ಎರಡನೆಯ ಪ್ರಶ್ನೆ ಉಳಿಯಿತು, ಡಬ್ಬಿ ಕಾರ್ಖಾನೆಯ ಕೆಲಸ. ಯುದ್ಧಗಳ ನಡುವೆ ಈ ಊರಿನ ಹೆಂಗಸರ ಕೈಗೆ ಕೂಲಿ ಬಂದದ್ದು ಆ ಕಾರ್ಖಾನೆಗಳಿಂದ. ಪೀಚ್ ಹಣ್ಣಿನ ಓಟೆ ತೆಗೆಯುವುದು, ಪಾಲಕ್ ಆಯುವುದು, ಟೊಮೇಟೊ ಸಿಪ್ಪೆ ಸುಲಿಯುವುದು. ಹುಳಿಗೆ ಬೆರಳ ಸಂದು ಬಿರಿಯುತ್ತಿತ್ತು. 1937ರ ಏಪ್ರಿಲಿನಲ್ಲಿ ಮುಷ್ಕರ ನಡೆದಾಗ ಪಾಲಕ್ ತುಂಬಿದ ಲಾರಿಗಳನ್ನು ಒಳಗೆ ಬಿಡಿಸಲು ಬಂದೂಕು ಹಿಡಿದವರು ಬಂದರು, ಹಲವಾರು ಜನ ಗಾಯಗೊಂಡರು. ಅದೇ ದಶಕದಲ್ಲಿ ಟಿಲ್ಲಿ ಲೂಯಿಸ್ ಎಂಬ ಬ್ರೂಕ್ಲಿನ್‌ನ ಹೆಂಗಸು, ಇಟಲಿಯ ಉದ್ದನೆಯ ಟೊಮೇಟೊ ಈ ಮಣ್ಣಿನಲ್ಲಿ ಬೆಳೆಯುತ್ತದೆ ಎಂದು ನಂಬಿ 1935ರಲ್ಲಿ ಇಲ್ಲಿ ಕಾರ್ಖಾನೆ ಶುರುಮಾಡಿದರು. ಇಲ್ಲಿನ ರೈತರು ಮೊದಮೊದಲು ಒಪ್ಪಲೇ ಇಲ್ಲ. ಇಂದು ನಾನು ಪ್ರಯೋಗಾಲಯದಲ್ಲಿ ಬ್ರಿಕ್ಸ್, ಅಂದರೆ ಸಿಹಿಯ ಪ್ರಮಾಣ, ಅಳೆಯುವ ಒಂದೊಂದು ಲೋಟ ರಸಕ್ಕೂ ಆ ಹೆಂಗಸಿನ ಛಲದ ನಂಟಿದೆ ಎಂದೇ ತಿಳಿದಿದ್ದೇನೆ.

ಓದಿದವಳಿಗೆ ತಕ್ಕುದೇ ಎಂದೆಯಲ್ಲ? 1920ರಲ್ಲಿ ದಲೀಪ್ ಸಿಂಗ್ ಸೌಂದ್ ಎಂಬ ಪಂಜಾಬಿ ಯುವಕ ಬರ್ಕ್ಲಿಯ ವಿಶ್ವವಿದ್ಯಾಲಯಕ್ಕೆ ಬಂದದ್ದೇ ಆಹಾರ ಕೆಡದಂತೆ ಇಡುವ ವಿದ್ಯೆ ಕಲಿಯಲು. ಊರಿಗೆ ಮರಳಿ ಮಾವಿನ ಹಣ್ಣನ್ನು ಡಬ್ಬಿಗೆ ತುಂಬುವ ಉದ್ಯಮ ಮಾಡಬೇಕೆಂಬ ಆಸೆ. ವಿದ್ಯಾರ್ಥಿಗಳಿಗೆಂದು ನಮ್ಮ ಇದೇ ಗುರುದ್ವಾರದವರು ಬರ್ಕ್ಲಿಯಲ್ಲಿ ನಡೆಸುತ್ತಿದ್ದ ಮನೆಯಲ್ಲಿ ಇದ್ದು ಓದಿದರು, ಬೇಸಿಗೆಯಲ್ಲಿ ಡಬ್ಬಿ ಕಾರ್ಖಾನೆಯಲ್ಲಿ ದುಡಿದರು. ಗಣಿತದಲ್ಲಿ ಡಾಕ್ಟರೇಟ್ ಪಡೆದರೂ ಕೆಲಸ ಸಿಗದೆ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯಕ್ಕೆ ಇಳಿದರು. 1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಭಾರತೀಯ ಅವರೇ. ನೀನು ಬರುತ್ತಿರುವುದು ಅವರು ಕಲಿಯಲು ಬಂದ ವಿದ್ಯೆಯ ಕೆಲಸಕ್ಕೆ. ಸಂಕೋಚ ಬಿಡು.

ಕನ್ನಡದ ಮನೆಗಳು ಈ ಊರಿನಲ್ಲಿ ಬೆರಳೆಣಿಕೆಯಷ್ಟು. ಕೊಲ್ಲಿಯ ಕಡೆ ಉತ್ತರ ಕ್ಯಾಲಿಫೋರ್ನಿಯಾ ಕನ್ನಡ ಕೂಟವಿದೆ, ಯುಗಾದಿಗೆ, ರಾಜ್ಯೋತ್ಸವಕ್ಕೆ ಹೋಗುತ್ತೇವೆ. ಲಿವರ್‌ಮೋರ್‌ನ ಶಿವ ವಿಷ್ಣು ದೇವಸ್ಥಾನ ಮುಕ್ಕಾಲು ಗಂಟೆಯ ದಾರಿ.

ಬರುವಾಗ ಬೀಜ, ಗಡ್ಡೆ, ಹಸಿ ಕರಿಬೇವು ಏನನ್ನೂ ತರಬೇಡ. ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ, ಮತ್ತು ಇದು ರೈತರ ಸೀಮೆ, ಹೊರಗಿನ ರೋಗ ಬಂದರೆ ಇಡೀ ಬಯಲೇ ನರಳುತ್ತದೆ. ಕರಿಬೇವು ನನ್ನ ಹಿತ್ತಲಲ್ಲಿ ಇದೆ. ಒಂದು ಹತ್ತಿಯ ದುಪಟ್ಟಾ ಮೇಲೆಯೇ ಸಿಗುವಂತೆ ಇಟ್ಟುಕೋ. ನೀನು ಬಂದ ವಾರದ ಭಾನುವಾರ ಗ್ರಾಂಟ್ ಬೀದಿಗೆ ಹೋಗೋಣ, ಅಲ್ಲಿ ತಲೆ ಮುಚ್ಚಿಕೊಂಡೇ ಒಳಗೆ ಹೋಗಬೇಕು. ಹನ್ನೊಂದಕ್ಕೆ ಹೊರಟರೆ ಊಟದ ಪಂಕ್ತಿ ಸಿಗುತ್ತದೆ.

ನಿನ್ನ ಅಕ್ಕ