ಮೂರನೇ ರಿಪೀಟರ್ ಬೇಡ, ಮೊದಲು ತಂತಿ ಎಳೆಯಿರಿ

ಅಣ್ಣಾ, ವೈಫೈ ಸಿಗ್ನಲ್ ಮುಂದಕ್ಕೆ ದಾಟಿಸಲು ನೀವು ತರಿಸುತ್ತಿರುವ ಆ ಮೂರನೇ ರಿಪೀಟರ್ ಇನ್ನೂ ಕೈಗೆ ಬಂದಿಲ್ಲ ಅಂದ್ರೆ ಇವತ್ತೇ ಆರ್ಡರ್ ಕ್ಯಾನ್ಸಲ್ ಮಾಡಿ. ಜಗುಲಿ, ಅಡುಗೆಮನೆ, ಮಾಳಿಗೆ, ಅಡಿಕೆ ಸುಲಿಯುವ ಶೆಡ್ಡು, ಹೀಗೆ ನಾಲ್ಕು ಕಡೆ ನಾಲ್ಕು ಎಕೋ ಡಾಟ್, ಅಂದ್ರೆ ಅಮೆಜಾನಿನ ಅಲೆಕ್ಸಾ ಸ್ಪೀಕರ್. ನಾಲ್ಕರಲ್ಲೂ ಒಂದೇ ಹಾಡು ಬರಲಿ ಅಂತ ಗ್ರೂಪ್ ಮಾಡಿದರೆ, ಎರಡು ರಿಪೀಟರ್ ಇದ್ದರೂ ಹಾಡಿನ ನಡುವೆ ಒಂದೊಂದೇ ಗ್ರೂಪಿನಿಂದ ಬಿಟ್ಟು ಹೋಗುತ್ತವೆ, ಮಳೆ ಹಿಡಿದ ಮೇಲೆ ಕಾಟ ಜಾಸ್ತಿ ಆಗಿದೆ ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಮೊದಲು ಹೀಗೇ ರಿಪೀಟರ್ ಮೇಲೆ ರಿಪೀಟರ್ ಸಿಕ್ಕಿಸಿದ್ದೆವು. ಹೊಸದು ಹಾಕಿದಾಗ ಎರಡು ದಿನ ಸರಿ, ಆಮೇಲೆ ಮತ್ತೆ ಅದೇ ಕಥೆ. ಅದಕ್ಕೇ ನಿಮ್ಮ ಪೋಸ್ಟ್ ನೋಡಿ ಸುಮ್ನಿರೋಕೆ ಆಗಲಿಲ್ಲ.

ಮೇಲಿನ ಕಾಮೆಂಟಿನಲ್ಲಿ ಇಬ್ಬರು ಇಂಟರ್ನೆಟ್ಟಿಗೆ ‘ದೊಡ್ಡ ಪ್ಲಾನ್ ಹಾಕಿಸಿ’ ಅಂದಿದ್ದಾರೆ. ದಯವಿಟ್ಟು ಹೀಗೆ ಇನ್ನೊಬ್ಬರ ದುಡ್ಡು ಖರ್ಚು ಮಾಡಿಸಬೇಡಿ. ಸಿಡಿ ಗುಣಮಟ್ಟದ ಹಾಡಿಗೂ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್ ಸಾಕು. ನಿಮ್ಮ ಈಗಿನ ಪ್ಲಾನೇ ಧಾರಾಳ ಆಯಿತು. ತೊಂದರೆ ಇರುವುದು ಮನೆಯೊಳಗೆ. ಗ್ರೂಪಿಗೆ ಹಾಡು ಹಾಕಿದಾಗ ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟು ಉಳಿದವರು ಹೇಳಿದ ಹಾಗೆ, ಸ್ಪೀಕರ್‌ಗಳು ಮನೆಯ ವೈಫೈ ಮೇಲೇ ಒಂದಕ್ಕೊಂದು ಹಾಡನ್ನೂ ಸಮಯವನ್ನೂ ದಾಟಿಸಿಕೊಳ್ಳುತ್ತವೆ. ಒಂದೇ ಸ್ಪೀಕರ್ ಹಾಡುವಾಗ ಮುಂದಿನ ಸ್ವಲ್ಪ ಹಾಡನ್ನು ಮೊದಲೇ ತುಂಬಿಟ್ಟುಕೊಳ್ಳುತ್ತದೆ, ನಡುವೆ ಸಿಗ್ನಲ್ ತಡವರಿಸಿದರೂ ನಮಗೆ ಗೊತ್ತಾಗುವುದಿಲ್ಲ. ನಾಲ್ಕೂ ಒಟ್ಟಿಗೆ ಹಾಡಬೇಕಾದರೆ ಅಷ್ಟು ಸಡಿಲ ಇರುವುದಿಲ್ಲ. ‘ಒಂದೊಂದಾಗಿ ಚೆನ್ನಾಗಿವೆ, ಸೇರಿಸಿದರೆ ಹಾಳು’ ಅಂತ ಬರೆದಿದ್ದೀರಲ್ಲ, ಕಾರಣ ಇದೇ.

ಈಗ ಮಳೆಗಾಲದ ವಿಷಯ. ನಿಮ್ಮದು ಜಂಬಿಟ್ಟಿಗೆ ಗೋಡೆ, ಅದೂ ಒಂದೂವರೆ ಅಡಿಯದ್ದು. ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಆಷಾಢದಲ್ಲಿ ಅದು ನೀರು ಕುಡಿದು ಕೂತಿರುತ್ತದೆ, ಗಾರೆ ಮಾಡದ ಕಡೆ ಕೈಯಿಟ್ಟರೆ ಅಂಗೈ ಒದ್ದೆ. ನೀರು ವೈಫೈ ಸಿಗ್ನಲ್ ಅನ್ನು ನುಂಗುತ್ತದೆ. ವೈಫೈನ 5 ಗಿಗಾಹರ್ಟ್ಸ್ ಬ್ಯಾಂಡ್ ಅಂತೂ ಎರಡನೇ ಗೋಡೆ ಹೊತ್ತಿಗೆ ಸುಸ್ತು. ಮರದ ಮುಚ್ಚಿಗೆ ಅಷ್ಟು ಕಾಟ ಕೊಡುವುದಿಲ್ಲ, ಆದರೆ ಮಾಳಿಗೆ ಮೇಲೆ ಈಚೆಗೆ ಹಾಕಿಸುವ ತಗಡಿನ ಶೀಟು ಕೊಡುತ್ತದೆ.

ಇಂಥ ಮನೆಯಲ್ಲಿ ರಿಪೀಟರ್ ಏನು ಮಾಡುತ್ತದೆ ನೋಡಿ. ಅಗ್ಗದವು ಒಂದೇ ರೇಡಿಯೋದಲ್ಲಿ ಕೇಳಿದ್ದನ್ನೇ ಅದೇ ಚಾನೆಲ್‌ನಲ್ಲಿ ತಿರುಗಿ ಹೇಳಬೇಕು. ಅಲ್ಲಿಗೆ ವೇಗ ಹೆಚ್ಚುಕಡಿಮೆ ಅರ್ಧ. ಅದರ ಬಾಲಕ್ಕೆ ಇನ್ನೊಂದು ಕಟ್ಟಿದರೆ ಮತ್ತೂ ಅರ್ಧ. ವೇಗ ಹೋದರೆ ಹೋಗಲಿ, ತಡ ಒಂದೇ ಸಮ ಇರುವುದಿಲ್ಲ, ಅದೇ ದೊಡ್ಡ ಕೇಡು. ಇನ್ನೊಂದು ವಿಷಯ. ಇಂಥ ಸ್ಪೀಕರ್‌ಗಳು ‘ನಾನಿಲ್ಲಿದ್ದೇನೆ’ ಅಂತ ಆಗಾಗ ಎಲ್ಲರಿಗೂ ಕೂಗಿ ಹೇಳುತ್ತಿರುತ್ತವೆ. ವೈಫೈನಲ್ಲಿ ಈ ಮಲ್ಟಿಕಾಸ್ಟ್ ಕೂಗಿಗೆ ‘ತಲುಪಿತು’ ಅನ್ನುವ ಮರು ಉತ್ತರ ಇಲ್ಲ. ದಾರಿಯಲ್ಲಿ ಕಳೆದರೆ ಕಳೆದೇ ಹೋಯಿತು. ಕೆಲವು ರಿಪೀಟರ್ ಅದನ್ನು ಆಚೆ ಬಿಡುವುದೇ ಇಲ್ಲ. ಆಪ್‌ನಲ್ಲಿ ಸ್ಪೀಕರ್ ‘ಆಫ್‌ಲೈನ್’, ಆದರೆ ಮುಂದೆ ನಿಂತು ಕರೆದರೆ ಉತ್ತರ ಕೊಡುತ್ತದೆ ಅಂದರೆ ಹೆಚ್ಚಾಗಿ ಇದೇ. ಅದಕ್ಕೆ ದಿನಾ ಸ್ಪೀಕರ್ ರಿಸೆಟ್ ಮಾಡಿ ಪ್ರಯೋಜನ ಇಲ್ಲ, ದಯವಿಟ್ಟು ನಿಲ್ಲಿಸಿ.

ಮೊದಲು ಒಂದು ಪರೀಕ್ಷೆ. ಎರಡೂ ರಿಪೀಟರ್ ಕಿತ್ತಿಡಿ. ನಾಲ್ಕೂ ಡಾಟ್ ತಂದು ರೂಟರ್ ಇರುವ ಕೋಣೆಯಲ್ಲೇ ಇಟ್ಟು ಒಂದು ಸಂಜೆ ಪೂರ್ತಿ ಗ್ರೂಪಿನಲ್ಲಿ ಹಾಡಿಸಿ. ಒಂದೂ ಬಿಟ್ಟು ಹೋಗಲಿಲ್ಲ ಅಂದ್ರೆ ಸ್ಪೀಕರಿನಲ್ಲಿ ದೋಷ ಇಲ್ಲ. ಆಮೇಲೆ ಒಂದೊಂದನ್ನೇ ಅದರ ಜಾಗಕ್ಕೆ ಒಯ್ಯಿರಿ. ಯಾವುದನ್ನು ಒಯ್ದಾಗ ಕೆಡುತ್ತದೋ ಆ ದಾರಿಯೇ ರೋಗ. ಅಲ್ಲಿ ನಿಂತು ಮೊಬೈಲಿನ ವೈಫೈ ಅನಲೈಜರ್ ಆಪ್‌ನಲ್ಲಿ ನೋಡಿ. ಸಿಗ್ನಲ್ ಬಲ ಮೈನಸ್ 67 ಡಿಬಿಎಂ ಒಳಗೆ, ಅಂದ್ರೆ ಸೊನ್ನೆಯ ಕಡೆಗೆ (ಮೈನಸ್ 60, 50 ಹೀಗೆ) ಇದ್ದರೆ ಚಿಂತೆ ಇಲ್ಲ. ಮೈನಸ್ 75 ದಾಟಿದರೆ ಯಾವ ಸೆಟ್ಟಿಂಗ್ ತಿರುಗಿಸಿದರೂ ಉಳಿಯುವುದಿಲ್ಲ.

ಮದ್ದು ಒಂದೇ, ತಂತಿ. ಪ್ರತಿ ಸ್ಪೀಕರಿಗೂ ಬೇಡ. ರೂಟರಿನಿಂದ ಮಾಳಿಗೆಗೆ ಒಂದು ಕ್ಯಾಟ್6 (ನೆಟ್‌ವರ್ಕಿನ ತಾಮ್ರದ ತಂತಿ) ಎಳೆದು ಅಲ್ಲಿ ಒಂದು ಆಕ್ಸೆಸ್ ಪಾಯಿಂಟ್, ಅಂದ್ರೆ ತಂತಿಯಲ್ಲಿ ಬಂದದ್ದನ್ನು ವೈಫೈ ಮಾಡಿ ಬಿಡುವ ಡಬ್ಬ ಕೂರಿಸಿ. ಅಡುಗೆಮನೆ ಕಡೆಗೂ ಹಾಗೇ ಒಂದು. ಗೋಡೆ ಕೊರೆಯುವುದು ಬೇಡ, ಅಟ್ಟದ ಮೇಲೆ ಹಾಯಿಸಿ ಇಳಿಸಿ. ಬರೀ ತಂತಿ ಬಿಟ್ಟರೆ ಇಲಿ, ಅಳಿಲು ಒಂದು ಮಳೆಗಾಲ ಕಳೆಯಲು ಬಿಡುವುದಿಲ್ಲ. ಪಿವಿಸಿ ಪೈಪಿನೊಳಗೆ ಹಾಕಿ, ಎರಡೂ ಬಾಯಿ ಮುಚ್ಚಿ. ತಂತಿ ಕೊಳ್ಳುವಾಗ ಮೋಸ ಹೋಗಬೇಡಿ. ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ತಂತಿ ಪೇಟೆ ತುಂಬ ಇದೆ. ಅಂಗಡಿಯಲ್ಲೇ ಒಂದು ಎಳೆಯ ತುದಿ ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ನಾನು ಡಿ-ಲಿಂಕ್, ಫಿನೊಲೆಕ್ಸ್ ಎರಡೂ ಹಾಕಿದ್ದೇನೆ, ಎರಡೂ ಚೆನ್ನಾಗಿವೆ.

ಆದರೆ ಶೆಡ್ಡಿಗೆ ಮಾತ್ರ ತಾಮ್ರ ಎಳೆಯಲೇಬೇಡಿ. ಇದನ್ನು ಕೈ ಮುಗಿದು ಹೇಳುತ್ತೇನೆ. ನಮ್ಮಲ್ಲಿ ಮನೆಯಿಂದ ಕೊಟ್ಟಿಗೆಗೆ ಕ್ಯಾಟ್6 ಇತ್ತು. ಏಪ್ರಿಲ್ ಕೊನೆಯ ಒಂದು ಸಂಜೆ, ಮಳೆ ಇನ್ನೂ ಬಿದ್ದಿರಲಿಲ್ಲ, ಬರೀ ಗುಡುಗು. ತೋಟದ ಆಚೆ ಎಲ್ಲೋ ಸಿಡಿಲು ಹೊಡೆಯಿತು, ಮನೆಗೆ ಹೊಡೆದದ್ದಲ್ಲ. ಕೊಟ್ಟಿಗೆಯ ಸ್ವಿಚ್ಚು ಹೋಯಿತು, ರೂಟರಿನ ಲ್ಯಾನ್ ಪೋರ್ಟುಗಳು ಹೋದವು, ಅದಕ್ಕೆ ತಂತಿಯಲ್ಲಿ ಸೇರಿಸಿದ್ದ ಟಿವಿಯ ಪೋರ್ಟೂ ಹೋಯಿತು. ಪ್ಲಗ್ ಕಿತ್ತು ನೋಡಿದರೆ ಎಂಟು ಪಿನ್ನಿನಲ್ಲಿ ಎರಡರ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿತ್ತು. ಸಿಡಿಲು ನೇರ ಬೀಳಬೇಕಾಗಿಲ್ಲ. ಎರಡು ಕಟ್ಟಡದ ನಡುವೆ ಉದ್ದಕ್ಕೆ ತಾಮ್ರ ಇದ್ದರೆ ಹತ್ತಿರ ಬಿದ್ದದ್ದೂ ಅದರೊಳಗೆ ವಿದ್ಯುತ್ ನುಗ್ಗಿಸುತ್ತದೆ. ಒಂದು ಮಾಡಿನ ಕೆಳಗೆ ತಾಮ್ರ, ಮಾಡು ದಾಟಿದರೆ ಫೈಬರ್.

ಫೈಬರ್ ಅಂದ್ರೆ ಗಾಬರಿ ಆಗಬೇಡಿ. ಎರಡು ತುದಿಗೆ ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಸಿಗ್ನಲನ್ನು ಬೆಳಕಾಗಿ, ಬೆಳಕನ್ನು ಮತ್ತೆ ತಾಮ್ರಕ್ಕೆ ಬದಲಿಸುವ ಡಬ್ಬ), ನಡುವೆ ಒಂದು ಎಳೆ. ನಿಮ್ಮೂರಿನ ಕೇಬಲ್ ಹುಡುಗರ ಹತ್ತಿರ ಫೈಬರ್ ಜೋಡಿಸುವ ಮೆಶಿನ್ ಇರುತ್ತದೆ, ತುದಿ ಹಾಕಿ ಕೊಡುತ್ತಾರೆ. ಒಂದೇ ಎಳೆಯಲ್ಲಿ ನಡೆಯುವ ಕನ್ವರ್ಟರ್ ‘ಎ’, ‘ಬಿ’ ಅಂತ ಜೋಡಿಯಾಗಿ ಬರುತ್ತದೆ. ಎರಡೂ ‘ಎ’ ತಂದರೆ ಲಿಂಕಿನ ಲೈಟೇ ಬರುವುದಿಲ್ಲ. ಹೊರಗೆ ಎಳೆಯುವ ಚಪ್ಪಟೆ ಫೈಬರಿನ ಪಕ್ಕ ಉಕ್ಕಿನ ತಂತಿ ಇದ್ದರೆ ಅದನ್ನು ಗೋಡೆಯ ಹೊರಗೇ ಕತ್ತರಿಸಿ, ಒಳಗೆ ತರಬೇಡಿ. ಎಲ್ಲೂ ಮಡಚಬೇಡಿ, ದೊಡ್ಡ ಸುತ್ತು ಕೊಡಿ. ಹಾಗಂತ ಕರೆಂಟಿನ ತಂತಿ ಶೆಡ್ಡಿಗೆ ಇದ್ದೇ ಇದೆಯಲ್ಲ, ಗುಡುಗು ಶುರುವಾದರೆ ಪ್ಲಗ್ ಕೀಳುವ ಅಭ್ಯಾಸ ಬಿಡಬೇಡಿ.

ಆಕ್ಸೆಸ್ ಪಾಯಿಂಟಿನ ಪೆಟ್ಟಿಗೆ ಯಾವುದು ಅಂದ್ರೆ, ನನಗೆ ಟಿಪಿ-ಲಿಂಕ್ ಡೆಕೊ ಇಷ್ಟ. ಎಂ4 ಮಾದರಿಯ ಪ್ರತಿ ಡಬ್ಬಕ್ಕೂ ಎರಡು ಗಿಗಾಬಿಟ್ ಪೋರ್ಟ್ ಇದೆ. ಇ4 ಅಗ್ಗ, ಪೋರ್ಟ್ 100 ಮೆಗಾಬಿಟ್ಟಿನದು, ಬರೀ ಹಾಡಿಗೆ ಅದೂ ಸಾಕು. ತಂತಿ ಸಿಕ್ಕಿಸಿದರೆ ತಾನೇ ತಂತಿಯ ದಾರಿ ಹಿಡಿಯುತ್ತದೆ. ಹಲವು ಡಬ್ಬ ಸೇರಿ ಒಂದೇ ವೈಫೈ ಕೊಡುವ ಮೆಶ್ ಅಂತ ತಂದು ತಂತಿ ಇಲ್ಲದೆ ಇಟ್ಟರೆ ನಿಮ್ಮ ಗೋಡೆಗೆ ಅದೂ ಸೋಲುತ್ತದೆ, ಆಮೇಲೆ ನನ್ನನ್ನು ಬೈಯಬೇಡಿ. ಆಪ್‌ನಲ್ಲಿ ಡೆಕೊವನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಇಂಟರ್ನೆಟ್ ಕಂಪನಿ ಕೊಟ್ಟ ಫೈಬರ್ ಡಬ್ಬದ ವೈಫೈ ಆಫ್ ಮಾಡಿ. ಅದು ಬಿಟ್ಟು ಎರಡೂ ರೂಟರ್ ಆಗಿ ಕೂತರೆ ಎರಡು ಸ್ಪೀಕರ್ ಒಂದರ ನೆಟ್‌ವರ್ಕಿನಲ್ಲಿ, ಎರಡು ಇನ್ನೊಂದರ ನೆಟ್‌ವರ್ಕಿನಲ್ಲಿ ಸೇರಿಕೊಂಡು ಒಂದರ ಕಣ್ಣಿಗೆ ಒಂದು ಬೀಳುವುದೇ ಇಲ್ಲ. ಸ್ಪೀಕರನ್ನು ಗೆಸ್ಟ್ ನೆಟ್‌ವರ್ಕಿಗೆ ಸೇರಿಸಬೇಡಿ, ಒಂದು ಸಾಧನ ಇನ್ನೊಂದನ್ನು ಕಾಣದ ಹಾಗೆ ತಡೆಯುವ ‘ಎಪಿ ಐಸೊಲೇಶನ್’ ಆನ್ ಇದ್ದರೆ ಆಫ್ ಮಾಡಿ. ಡೆಕೊ ಆಪ್‌ನಲ್ಲಿ ಪ್ರತಿ ಸ್ಪೀಕರಿನ ಹೆಸರು ಒತ್ತಿದರೆ ‘ಮೆಶ್ ಟೆಕ್ನಾಲಜಿ’ ಅನ್ನುವ ಗುಂಡಿ ಇದೆ, ಅದನ್ನೂ ಆಫ್ ಮಾಡಿ. ಕೂತಲ್ಲೇ ಕೂರುವ ಸ್ಪೀಕರಿಗೆ ಡಬ್ಬದಿಂದ ಡಬ್ಬಕ್ಕೆ ಹಾರುವ ಕೆಲಸ ಯಾಕೆ? ಬೇರೆ ರೂಟರ್ ಆದರೆ 2.4 ಗಿಗಾಹರ್ಟ್ಸ್ ಅನ್ನು 1, 6, 11 ನೇ ಚಾನೆಲ್‌ಗಳಲ್ಲಿ ಒಂದಕ್ಕೆ ಕಟ್ಟಿಹಾಕಿ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಡಿ.

ಮಾಳಿಗೆಗೆ ಗೂಗಲ್‌ನ ನೆಸ್ಟ್ ಮಿನಿ ಸ್ಪೀಕರ್ ಸೇರಿಸಬಹುದಾ ಅಂತ ಕೇಳಿದ್ದೀರಿ. ಅಲೆಕ್ಸಾ ಗ್ರೂಪಿಗೆ ಅದು ಸೇರುವುದಿಲ್ಲ. ಹಳೇ ಬ್ಲೂಟೂತ್ ಡಬ್ಬವನ್ನು ಡಾಟಿಗೆ ಜೋಡಿಸಿ ಗ್ರೂಪಿನಲ್ಲಿ ಹಾಡಿಸುತ್ತೇನೆ ಅನ್ನುವುದೂ ಆಗದ ಮಾತು. ಜೋರು ಸದ್ದು ಬೇಕಿದ್ದರೆ ಆಕ್ಸ್ ತಂತಿ ಹಾಕಿ ಬೇರೆ ಸ್ಪೀಕರಿಗೆ ಜೋಡಿಸಬಹುದಾದ ಡಾಟ್ ಮಾದರಿ ನೋಡಿ.

ಕೊನೆಗೆ ಕರೆಂಟು. ನಮ್ಮ ಕಡೆ ಮಳೆಗಾಲದಲ್ಲಿ ಅದು ಹೋಗಿ ಬರುವ ಆಟಕ್ಕೆ ಲೆಕ್ಕ ಇಲ್ಲ. ಇನ್ವರ್ಟರ್ ಇದ್ದರೂ ಬದಲಾಗುವ ಆ ಕ್ಷಣದಲ್ಲಿ ಎಷ್ಟೋ ರೂಟರ್ ರೀಸ್ಟಾರ್ಟ್ ಆಗುತ್ತವೆ. ಅದು ಏಳುವಷ್ಟರಲ್ಲಿ ಸ್ಪೀಕರ್ ವೈಫೈ ಹುಡುಕಿ ಸೋತು ಕೂತಿರುತ್ತದೆ. ಫೈಬರ್ ಡಬ್ಬಕ್ಕೂ ರೂಟರಿಗೂ 12 ವೋಲ್ಟಿನ ಮಿನಿ ಯುಪಿಎಸ್ ಕೊಡಿ. ಅಡಾಪ್ಟರ್ ಮೇಲೆ ಬರೆದ ವೋಲ್ಟು, ಆಂಪಿಯರ್ ನೋಡಿಯೇ ತನ್ನಿ. ಕೆಲವು ಡಬ್ಬ 9 ವೋಲ್ಟಿನವು, ಅದಕ್ಕೆ 12 ಕೊಟ್ಟರೆ ಸುಟ್ಟೀತು.

ಫೈಬರ್ ಡಬ್ಬದ ಹಿಂಬದಿಯ ಸ್ಟಿಕ್ಕರಿನ ಫೋಟೋ ಇಲ್ಲೇ ಹಾಕಿ, ಪಾಸ್‌ವರ್ಡ್ ಇರುವ ಸಾಲನ್ನು ಮುಚ್ಚಿ. ಮಾಡೆಲ್ ಗೊತ್ತಾದರೆ ವೈಫೈ ಎಲ್ಲಿ ಆಫ್ ಮಾಡಬೇಕು ಅಂತ ಹೇಳುತ್ತೇನೆ. ಮನೆಯಿಂದ ಶೆಡ್ಡಿಗೆ ಎಷ್ಟು ಮೀಟರ್ ಅಂತಲೂ ಅಳೆದು ಬರೆಯಿರಿ, ತಿರುವಿನ ಸುತ್ತು ಸೇರಿಸಿ.