ಗರ್ಭಪಾತದ ಮಾತ್ರೆ ತಗೊಂಡು 10 ದಿನ ಆದ್ರೂ ಪ್ರೆಗ್ನೆನ್ಸಿ ಕಿಟ್‌ನಲ್ಲಿ ಎರಡು ಗೆರೆ

ಹೆಚ್ಚಾಗಿ ಅದು ಮೈಯಲ್ಲಿ ಉಳಿದಿರೋ ಎಚ್‌ಸಿಜಿ, ಅಂದ್ರೆ ಗರ್ಭ ನಿಂತಾಗ ಬರೋ ಹಾರ್ಮೋನು, ಪೂರ್ತಿ ಇಳಿಲಿಕ್ಕೆ 3-4 ವಾರ ಬೇಕಾಗ್ತದೆ, ನಂಗೂ 12ನೇ ದಿನ ಹಾಗೇ ತೋರಿಸಿತ್ತು ಮಾರಾಯ್ರೆ. ಹಾಗಂತ ಕಿಟ್ ನೋಡಿ ಗರ್ಭಪಾತ ಪೂರ್ತಿ ಆಯ್ತಾ ಇಲ್ವಾ ಹೇಳ್ಲಿಕ್ಕೆ ಆಗುದಿಲ್ಲ. ಮಿಸೊಪ್ರೊಸ್ಟಾಲ್ (ಎರಡನೇ ಸಲ ತಗೊಳ್ಳುವ ಮಾತ್ರೆ) ತಗೊಂಡ ಮೇಲೆ ಗಡ್ಡೆ ಗಡ್ಡೆ ಬ್ಲೀಡಿಂಗ್ ಆಗಿ ಈಗ ವಾಕರಿಕೆ ಎಲ್ಲ ಕಡಿಮೆ ಆಗಿದ್ರೆ ಒಳ್ಳೆ ಲಕ್ಷಣ, ಬ್ಲೀಡಿಂಗೇ ಸರಿ ಆಗಿಲ್ಲ ಅಂದ್ರೆ ಇವತ್ತೇ ತೋರಿಸಿ, ಗರ್ಭ ಗರ್ಭಕೋಶದ ಹೊರಗೆ ಟ್ಯೂಬಲ್ಲಿ ಕೂತಿದ್ರೆ ಈ ಮಾತ್ರೆ ಕೆಲಸ ಮಾಡುದಿಲ್ಲ. ಇಲ್ಲದಿದ್ರೆ 14ನೇ ದಿನ ಡಾಕ್ಟ್ರ ಹತ್ರ ಹೋಗಿ, ಬೇಕಾದ್ರೆ ಸ್ಕ್ಯಾನಿಂಗ್ ಬರೀತಾರೆ, ಮಂಗಳೂರಲ್ಲಾದ್ರೆ ಸರ್ಕಾರಿ ಲೇಡಿಗೋಷನ್ ಆಸ್ಪತ್ರೆ ಉಂಟಲ್ಲ. 18 ತುಂಬಿದ್ರೆ ಗಂಡನ ಸಹಿ ಬೇಡ. ಗಂಟೆಗೆ ಎರಡು ಪ್ಯಾಡ್‌ನಂತೆ ಎರಡು ಗಂಟೆ ಪೂರ್ತಿ ನೆನೆದ್ರೆ, ಜ್ವರ, ಕೆಟ್ಟ ವಾಸನೆ, ತಲೆ ತಿರುಗುದು, ಒಂದೇ ಬದಿ ಜೋರು ಹೊಟ್ಟೆನೋವು ಇದ್ರೆ ಅರ್ಧರಾತ್ರಿ ಆದ್ರೂ ಆಸ್ಪತ್ರೆಗೆ ಹೊರಡಿ.